ಪರದೆ ಗೋದಾಮಿನ ನಾಲ್ವರು

ಸಂಗೀತವು ಜಾತಿ ಮತ ಭಾಷೆಗಳ ಗಡಿಯನ್ನು ಮೀರಿ ಮನುಷ್ಯರನ್ನು ಒಂದುಗೂಡಿಸುತ್ತದೆ ಎಂದು ದೊಡ್ಡವರು ವೇದಿಕೆಯ ಮೇಲೆ ಹೇಳುವುದನ್ನು ನಾನು ಬಹಳ ಸಲ ಕೈಕಟ್ಟಿ ಕುಳಿತು ಕೇಳಿದ್ದೇನೆ. ನಮ್ಮನ್ನು ಒಂದುಗೂಡಿಸಿದ್ದು ಒಂದು ಏಸಿ. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದು ಪರದೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ವೆಲ್ವೆಟ್ ಬಟ್ಟೆಗೆ ಸೆಕೆಯಾಗಬಾರದೆಂದು, ಅದು ಹಗಲಿಡೀ ಓಡುತ್ತಿತ್ತು. ಆಗಸ್ಟ್ ತಿಂಗಳ ದೋಹಾದಲ್ಲಿ, ಶುಕ್ರವಾರ ಮಧ್ಯಾಹ್ನ, ಏನನ್ನೂ ಕೊಳ್ಳದ ಮನುಷ್ಯನನ್ನು ತಣ್ಣಗೆ ಇರಗೊಡುವ ಜಾಗಗಳು ಎರಡೇ: ಶವಾಗಾರ ಮತ್ತು ಆ ಗೋದಾಮು. ನಾವು ಎರಡನೆಯದನ್ನು ಆರಿಸಿಕೊಂಡೆವು.

ಕತಾರಿನಲ್ಲಿ ಗಂಡಸರು ಎರಡು ವಿಧ, ಫ್ಯಾಮಿಲಿ ಮತ್ತು ಬ್ಯಾಚುಲರ್. ಹೆಂಡತಿ ಮಕ್ಕಳು ಜೊತೆಗಿದ್ದರೆ ಫ್ಯಾಮಿಲಿ. ಅವರು ಊರಿನಲ್ಲಿದ್ದರೆ, ಮೊಮ್ಮಗುವಿನ ನಾಮಕರಣ ಆಗಿದ್ದರೂ ಬ್ಯಾಚುಲರ್. ಈ ಲೆಕ್ಕದಲ್ಲಿ ನಮ್ಮ ನಾಲ್ವರಲ್ಲಿ ಮೂವರು ಬ್ಯಾಚುಲರುಗಳು. ಆದರೆ ಐವತ್ತಮೂರು ವರ್ಷ ಆ ಪದವಿಯನ್ನು ನಿಷ್ಠೆಯಿಂದ ಕಾಪಾಡಿಕೊಂಡು ಬಂದ ಅಸಲಿ ಮಾಲು ನಾನೊಬ್ಬನೇ. ಸಂಜೆಯಾದರೆ ಉಳಿದವರ ಫೋನುಗಳಲ್ಲಿ ಮನೆಯವರ ಮುಖ ಮೂಡುತ್ತಿತ್ತು. ನನ್ನ ಫೋನಿಗೆ ಟೆಲಿಫೋನ್ ಕಂಪೆನಿಯಿಂದ ಒಂದು ಸಂದೇಶ ಬರುತ್ತಿತ್ತು, ‘ಪ್ರಿಯ ಗ್ರಾಹಕರೇ’ ಎಂದು. ಯಾರಿಗಾದರೂ ಪ್ರಿಯನಾಗಿದ್ದೇನಲ್ಲ ಎಂದು ನಾನು ಅದನ್ನು ಅಳಿಸುತ್ತಿರಲಿಲ್ಲ.

ನನ್ನ ವಾಸ ಒಂದು ವಿಲ್ಲಾದ ಏಳನೆಯ ಒಂದು ಭಾಗದಲ್ಲಿ. ಜಿಪ್ಸಮ್ ಹಲಗೆ ಅಡ್ಡ ನಿಲ್ಲಿಸಿ ಮಾಡಿದ ಕೋಣೆ. ಪಕ್ಕದ ಕೋಣೆಯವನ ಮುಖವನ್ನು ನಾನು ಮೂರು ವರ್ಷದಲ್ಲಿ ನೋಡಿಲ್ಲ. ಅವನ ಸೀನು ಪರಿಚಯ. ಬೆಳಿಗ್ಗೆ ಐದೂಕಾಲಿಗೆ ಮೂರು ಸಲ ಸೀನುತ್ತಾನೆ, ನಾನು ಏಳುತ್ತೇನೆ. ನನ್ನ ಕೆಲಸ ಒಂದು ಕಟ್ಟಡ ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳು ನಕ್ಷೆಯನ್ನು ಬದಲಾಯಿಸುತ್ತಲೇ ಇರುತ್ತಾರೆ. ಬದಲಾದ ನಕ್ಷೆಗೆ ಹೊಸ ನಂಬರು ಕೊಟ್ಟು, ಹಳೆಯದರ ಮೇಲೆ ಕೆಂಪು ಸೀಲು ಒತ್ತಿ, ಎಲ್ಲರ ಕೈಯಲ್ಲಿರುವ ಪ್ರತಿಯೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳುವುದು ನನ್ನ ಪಾಲಿನ ಧರ್ಮ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾವು ಮಾಡಿದ ದೊಡ್ಡ ತಪ್ಪು ನನಗೆ ತಪ್ಪೆಂದು ತೋರಲೇ ಇಲ್ಲ.

ಆಲ್ಬಮ್ ನನ್ನ ಕೈಗೆ ಬಂದದ್ದು ಒಂದು ಮೈಕ್ರೋವೇವ್‌ನಿಂದಾಗಿ. ಅಲ್ ಗರಾಫಾ ಬಡಾವಣೆಯಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರ್ ದೇಶ ಬಿಟ್ಟು ಹೋಗುತ್ತಿದ್ದರು. ಹೋಗುವವರು ಮನೆಯ ಸಾಮಾನನ್ನೆಲ್ಲ ಹಾಲ್‌ನಲ್ಲಿ ಹರಡಿಡುತ್ತಾರೆ, ಉಳಿಯುವವರು ಹೋಗಿ ಹೆಕ್ಕಿಕೊಂಡು ಬರುತ್ತೇವೆ. ಇಲ್ಲಿನ ಪದ್ಧತಿ ಅದು. ನಾನು ಮೈಕ್ರೋವೇವ್ ಎತ್ತಿಕೊಂಡು ಹೊರಟಾಗ ಆ ಮುದುಕರು ಅದರ ನೆತ್ತಿಯ ಮೇಲೆ ಒಂದು ರೆಕಾರ್ಡ್ ಪ್ಲೇಯರನ್ನೂ, ಅದರ ಮೇಲೆ ಒಂದು ಎಲ್‌ಪಿ ರೆಕಾರ್ಡನ್ನೂ ಇಟ್ಟರು. ಇದನ್ನು ಯಾರೂ ಮುಟ್ಟಲಿಲ್ಲ, ನಿಮ್ಮ ಕೈ ಹೇಗೂ ಬಿಡುವಿಲ್ಲ, ಬೇಡ ಅನ್ನಲಾರಿರಿ ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ಆಲ್ಬಮ್ಮಿನ ಹೆಸರನ್ನು ಹೇಳುವುದಿಲ್ಲ. ಜಾಝ್ ಬಲ್ಲವರಿಗೆ ಅದು ಬೇಕಿಲ್ಲ, ಉಳಿದವರಿಗೆ ಅದರಿಂದ ಪ್ರಯೋಜನವಿಲ್ಲ. ನಾಲ್ವರು ನುಡಿಸಿದ್ದು: ಸ್ಯಾಕ್ಸೊಫೋನ್, ಪಿಯಾನೊ, ಬೇಸ್, ಡ್ರಮ್ಸ್. ಹೊದಿಕೆಯ ಮೇಲೆ ನೀಲಿ ಬಣ್ಣಕ್ಕೆ ತಿರುಗಿಸಿದ ಒಂದು ಫೋಟೊ. ಸ್ಯಾಕ್ಸೊಫೋನಿನವನು ನಡುವೆ ಕಣ್ಣು ಮುಚ್ಚಿ ನಿಂತಿದ್ದಾನೆ. ಪಿಯಾನೊದವನ ಬೆನ್ನು ಕಾಣುತ್ತದೆ. ಡ್ರಮ್ಮಿನವನು ಯಾರದೋ ಮಾತಿಗೆ ನಗುತ್ತಿದ್ದಾನೆ. ಬೇಸಿನವನ ಒಂದು ಭುಜ, ಒಂದು ಕಿವಿ ಮಾತ್ರ ಇವೆ. ಉಳಿದ ಮನುಷ್ಯ ಅಂಚಿನಾಚೆ ಹೋಗಿದ್ದಾನೆ. ಚರ್ಚಿನ ಕಾಯರ್‌ನಲ್ಲಿ ಇಪ್ಪತ್ತು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ಕಾಯರ್‌ನ ಗ್ರೂಪ್ ಫೋಟೊದಲ್ಲಿ ನಾನು ಒಂದು ಹೂವಿನ ಕುಂಡದ ಹಿಂದೆ ಇದ್ದೇನೆ.

ಮೊದಲ ಹಾಡು ಬೇಸಿನಿಂದ ಶುರುವಾಗುತ್ತದೆ. ಎಂಟು ಸುತ್ತು ಅವನೊಬ್ಬನೇ ನಡೆಯುತ್ತಾನೆ, ಯಾರದೋ ಮನೆ ಹುಡುಕುತ್ತಿರುವವನ ಹಾಗೆ. ಆಮೇಲೆ ಉಳಿದವರು ಬಾಗಿಲು ತೆರೆದಂತೆ ಒಳಗೆ ಸೇರಿಕೊಳ್ಳುತ್ತಾರೆ. ಎಲ್ಲರೂ ಕೂಡಿ ಹಾಡನ್ನು ಒಮ್ಮೆ ಹೇಳುತ್ತಾರೆ. ಅನಂತರ ಸ್ಯಾಕ್ಸೊಫೋನಿನವನು ಅದೇ ಹಾಡಿನ ತಳಪಾಯದ ಮೇಲೆ ತನ್ನದೇ ಕತೆ ಹೇಳುತ್ತಾನೆ, ಆಮೇಲೆ ಪಿಯಾನೊದವನು ತನ್ನದು. ಕೊನೆಗೆ ಮತ್ತೆ ಎಲ್ಲರೂ ಕೂಡಿ ಹಾಡು. ಪಿಯಾನೊದ ಕತೆಯ ನಡುವೆ ಎಲ್ಲೋ ಒಂದು ಕುರ್ಚಿ ಕಿರುಗುಡುತ್ತದೆ, ಯಾರೋ ‘ಹ್ಮ್’ ಅನ್ನುತ್ತಾರೆ. ನನ್ನ ಕೋಣೆಯಲ್ಲಿ ನಾನಲ್ಲದೆ ಬೇರೆ ಯಾರೂ ಕುರ್ಚಿ ಕಿರುಗುಡಿಸಿರಲಿಲ್ಲ. ಆ ಶಬ್ದಕ್ಕಾಗಿಯೇ ನಾನು ಅದನ್ನು ಮೂರು ವಾರ, ಊಟದ ಹೊತ್ತಿಗೆ, ದಿನಾ ಹಾಕಿದೆ.

ಹೊದಿಕೆಯ ಹಿಂದೆ ಅಚ್ಚಾಗಿತ್ತು: ಆ ನಾಲ್ವರು ಇದನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ, ತಯಾರಿ ಇಲ್ಲದೆ, ಮನಸ್ಸಿಗೆ ಬಂದಂತೆ ನುಡಿಸಿ ಎದ್ದು ಹೋದರಂತೆ. ಆ ಸಾಲನ್ನು ನಾವೆಲ್ಲರೂ ಓದಿದ್ದೆವು. ಓದಿಯೂ ಮುಂದೆ ಹೇಳುವ ಹಾಗೆ ಮಾಡಿದೆವು.

ಶುಕ್ರವಾರ ನಮಗೆ ಭಾನುವಾರ. ಚರ್ಚಿನಲ್ಲಿ ಬೆಳಗಿನ ಕೊಂಕಣಿ ಪೂಜೆ ಮುಗಿಸಿ ಕಾಯರ್‌ನವರು ಚಹಾ ಕುಡಿಯುವಾಗ ನಾನು ಆ ರೆಕಾರ್ಡಿನ ವಿಷಯ ಎತ್ತಿದೆ. ಆರ್ಗನ್ ನುಡಿಸುವವರನ್ನು ನಾವು ‘ಸರ್’ ಎನ್ನುತ್ತಿದ್ದೆವು. ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವರು, ಸಣ್ಣ ಬಿರುಕನ್ನೂ ಬಿಡದ ಕಣ್ಣು. ಅವರು ರೆಕಾರ್ಡನ್ನು ಒಯ್ದು ಹದಿನೈದು ದಿನ ಕೇಳಿ, “ಇದು ಆಗ್ತದೆ” ಎಂದರು. ಸ್ಯಾಕ್ಸೊಫೋನಿಗೆ ನಮ್ಮಲ್ಲಿ ‘ಮಾಮ್’ ಇದ್ದರು. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಎಲ್ಲರಿಗೂ ಮಾಮ್, ಕೊಂಕಣಿಯಲ್ಲಿ ಮಾವ. ಕಟ್ಟಡಕ್ಕೆ ಅಟ್ಟಣಿಗೆ ಕಟ್ಟಿಸುವ ಸ್ಕ್ಯಾಫೋಲ್ಡಿಂಗ್ ಫೋರ್‌ಮನ್, ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿ ವಾಸ. ಊರಿನಲ್ಲಿ ಯೌವನವನ್ನೆಲ್ಲ ಬ್ರಾಸ್ ಬ್ಯಾಂಡಿನಲ್ಲಿ ಕಳೆದವರು: ಮದುವೆಯ ಮುಂದೆ, ಹಬ್ಬದ ಮೆರವಣಿಗೆಯ ಮುಂದೆ, ಶವಪೆಟ್ಟಿಗೆಯ ಹಿಂದೆ. ಈ ಕಾರಣಕ್ಕೆ ಅವರಿಗೆ ನಿಂತಲ್ಲಿ ನಿಂತು ನುಡಿಸಲು ಬರುತ್ತಿರಲಿಲ್ಲ. ಊದಲು ಶುರುಮಾಡಿದರೆ ಕಾಲು ತಾನಾಗಿ ಹೊರಡುತ್ತಿತ್ತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಅವರು ಗೋದಾಮಿನ ಬಾಗಿಲ ಬಳಿ ಇರುತ್ತಿದ್ದರು.

ಡ್ರಮ್ಸ್ ಮತ್ತು ಗೋದಾಮು ಇದ್ದದ್ದು ಒಬ್ಬರ ಬಳಿಯೇ, ಪರದೆ ಅಂಗಡಿಯ ಯಜಮಾನರ ಬಳಿ. ಮಂಗಳೂರು ಕಡೆಯ ಬ್ಯಾರಿ. ಹೆಂಡತಿ ಮಕ್ಕಳು ಇಲ್ಲೇ, ನಮ್ಮಲ್ಲಿ ಒಬ್ಬರೇ ಫ್ಯಾಮಿಲಿ. ಚಿಕ್ಕಂದಿನಲ್ಲಿ ಊರಿನ ದಫ್ ತಂಡದಲ್ಲಿ ಬಾರಿಸಿದವರು. ಯಾವುದೋ ಶಾಲೆ ಮಾರಿದ ಡ್ರಮ್ ಸೆಟ್ಟನ್ನು ಕೊಂಡು, ಮನೆಯಲ್ಲಿ ಇಡಗೊಡದ ಕಾರಣ ವೆಲ್ವೆಟ್ ಸುರುಳಿಗಳ ನಡುವೆ ನಿಲ್ಲಿಸಿದ್ದರು. ನಾವು ಅವರನ್ನು ಸಾವ್ಕಾರ್ರೆ ಎನ್ನುತ್ತಿದ್ದೆವು. ಅವರು ನಮ್ಮನ್ನು, ಕರಾವಳಿಯಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, ಪೊರ್ಬುಗಳೇ ಎನ್ನುತ್ತಿದ್ದರು. ನಾವು ಮೂವರು ಕೊಂಕಣಿಗೆ ಜಾರಿದರೆ ಡ್ರಮ್ಮಿನ ಮೇಲೆ ಒಂದು ಏಟು ಬೀಳುತ್ತಿತ್ತು.

“ಹಲೋ, ಪೊರ್ಬುಗಳೇ. ಕನ್ನಡದಲ್ಲಿ ಬೈಯಿರಿ. ಬೈದದ್ದು ಯಾರಿಗೆ ಅಂತ ನನಗೂ ಗೊತ್ತಾಗ್ಬೇಕಲ್ಲ.”

ಜುಮ್ಮಾ ನಮಾಜು ಮುಗಿದು ಅಂಗಡಿ ತೆರೆಯುವ ನಾಲ್ಕು ಗಂಟೆಯ ತನಕ ಗೋದಾಮು ನಮ್ಮದು. ನಾಲ್ಕೂ ಗೋಡೆಗೆ ತಾಗಿ ಚಾವಣಿಯ ತನಕ ಪರದೆ ಬಟ್ಟೆ. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತಿತ್ತು. ಅಷ್ಟು ಒಳ್ಳೆಯ ಧ್ವನಿ ವ್ಯವಸ್ಥೆ ಆ ನಾಲ್ವರಿಗೂ ಇದ್ದಿರಲಾರದು.

ಮೊದಲ ದಿನ ಸರ್ ಪಿಯಾನೊಗೆ ಬದಲಾಗಿ ಚರ್ಚಿನ ಒಂದು ಹಳೆಯ ಕೀಬೋರ್ಡನ್ನೂ, ಒಂದು ಲಾಂಗ್‌ಬುಕ್ಕನ್ನೂ ತಂದರು. ಮೊದಲ ಹಾಡಿನ ಏಳೂವರೆ ನಿಮಿಷವನ್ನು, ನಾಲ್ವರ ನಾಲ್ಕು ಸಾಲುಗಳನ್ನು, ಅವರು ಪೆನ್ಸಿಲಿನಲ್ಲಿ ಇಳಿಸಿದ್ದರು. ಹಾಡನ್ನು ಮಾತ್ರ ಅಲ್ಲ. ಹಾಡಿನ ನಡುವೆ ಅವರು ಮನಸ್ಸಿಗೆ ಬಂದಂತೆ ಹೇಳಿದ್ದನ್ನೂ, ಒಂದು ಸ್ವರ ಬಿಡದೆ, ಸ್ಯಾಕ್ಸೊಫೋನಿನವನು ಉಸಿರೆಳೆದ ಜಾಗದಲ್ಲಿ ಒಂದು ಗೀಟು ಸಮೇತ.

ಸ್ತೋತ್ರ ಕಲಿತ ರೀತಿಯಲ್ಲಿಯೇ ನಾವು ಇದನ್ನೂ ಕಲಿತೆವು. ಚರ್ಚಿನ ಕಾಯರ್‌ನಲ್ಲಿ ಬೆಳೆದವನಿಗೆ ಬರೆದದ್ದು ಬರೆದದ್ದೇ. ಅಲ್ಲೆಲ್ಲಾದರೂ ಯಾರಾದರೂ ಮನಸ್ಸಿಗೆ ಬಂದದ್ದು ಹಾಡಿದರೆ ಪಾದ್ರಿಗಳು ತಲೆ ಎತ್ತಿ ನೋಡುತ್ತಾರೆ. ಮಾಮ್‌ಗೆ ಒಂದೇ ಒಂದು ಸಂಶಯ ಬಂದದ್ದು, ಮೂರನೆಯ ವಾರ.

“ಸರ್, ಇಲ್ಲಿ ಇವನಿಗೆ ಕೀಂಯ್ ಅಂತ ಜಾರಿದೆ. ಅದನ್ನೂ ಬರ್ದಿದ್ದೀರಿ.”

“ರೆಕಾರ್ಡಲ್ಲಿ ಉಂಟಲ್ಲ?”

“ಉಂಟು. ಆದ್ರೆ ಅದು ಅವನ ತಪ್ಪು.”

“ಅವನು ತಪ್ಪಿದ್ದಾನೆ. ನೀವು ತಪ್ಪಬೇಡಿ. ಬರೆದ ಹಾಗೆ ಜಾರಿ.”

ಸಾವ್ಕಾರ್ರು ಕುಂಚವನ್ನು ಡ್ರಮ್ಮಿನ ಮೇಲಿಟ್ಟರು. ಡ್ರಮ್ಮನ್ನು ತಂತಿಯ ಕುಂಚದಿಂದ ಸವರಿ ನುಡಿಸುವ ಹಾಡು ಅದು. ಕೌಂಟರಿನ ಮೇಲೆ ಬಟ್ಟೆ ಎಳೆದ ಹಾಗೆ ಕೇಳುತ್ತದೆ, ಈ ಕೆಲಸವನ್ನು ನಾನು ಮೂವತ್ತು ವರ್ಷದಿಂದ ಮಾಡ್ತಿದ್ದೇನೆ ಎಂದು ಅವರು ಹೇಳಿಕೊಳ್ಳುತ್ತಿದ್ದರು.

“ಅಲ್ಲ ಸರ್, ನನಗೊಂದು ಡೌಟು. ಅವರು ಮನಸ್ಸಿಗೆ ಬಂದದ್ದು ನುಡಿಸಿದ್ದಲ್ವಾ?”

“ಹೌದು.”

“ಹಾಗಾದ್ರೆ ನಾವೂ…”

“ಅವರಿಗೆ ಮನಸ್ಸಿಗೆ ಬಂತು,” ಎಂದರು ಸರ್. “ಬಂದಾಯ್ತಲ್ಲ. ಇನ್ನು ನಮಗೆ ಬರುವುದು ಎಂಥಕ್ಕೆ?”

“ಖಲಾಸ್,” ಎಂದರು ಸಾವ್ಕಾರ್ರು. “ಹಾಗಾದ್ರೆ ಆ ಕುರ್ಚಿ ಕಿರ್ ಅಂತದಲ್ಲ, ಅದನ್ನು ಯಾರು ನುಡಿಸುವುದು? ನಾನೇ ನುಡಿಸ್ತೇನೆ, ನನ್ನ ಸ್ಟೂಲು ಹಳತು.”

ಸರ್ ಪೆನ್ಸಿಲನ್ನು ತುಟಿಗೆ ತಾಗಿಸಿಕೊಂಡು, ನಿಜವಾಗಿಯೂ, ಸುಮಾರು ಹೊತ್ತು ಯೋಚಿಸಿದರು. ಆಮೇಲೆ ಬೇಡ ಎಂದು ತೀರ್ಮಾನ ಕೊಟ್ಟರು.

ಅವರು ಒಂದು ಮಧ್ಯಾಹ್ನದಲ್ಲಿ ಆರು ಹಾಡು ಮುಗಿಸಿದರು. ನಮಗೆ ಒಂದು ಹಾಡಿಗೆ ಎಂಟು ತಿಂಗಳು ಹಿಡಿಯಿತು. ನನ್ನ ಕೋಣೆಯಲ್ಲಿ ಆಂಪ್ಲಿಫೈಯರ್ ಹಾಕುವ ಹಾಗಿಲ್ಲ. ಗಿಟಾರಿನ ಕೊಂಬನ್ನು ಬಟ್ಟೆಯ ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದರೆ ಕಪಾಟು ಗುಂಯ್ಗುಡುತ್ತದೆ; ಅದಕ್ಕೆ ಕಿವಿ ಕೊಟ್ಟು ಅಭ್ಯಾಸ ಮಾಡುತ್ತಿದ್ದೆ. ಬಾಗಿಲು ತೆರೆದು ಯಾರಾದರೂ ನೋಡಿದ್ದರೆ, ಐವತ್ತು ದಾಟಿದ ಒಬ್ಬ ಮನುಷ್ಯ ತನ್ನ ಅಂಗಿಗಳಿಗೆ ಪಾಪನಿವೇದನೆ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಯಾರೂ ತೆರೆಯಲಿಲ್ಲ. ಮಾಮ್‌ನ ಅಭ್ಯಾಸ ಕಂಪೆನಿಯ ಬಸ್ಸಿನಲ್ಲಿ. ಕೆಲಸ ಮುಗಿದ ಮೇಲೆ ಖಾಲಿ ಬಸ್ಸಿನ ನಡುದಾರಿಯಲ್ಲಿ ಹಿಂದೆ ಮುಂದೆ ನಡೆಯುತ್ತ ಊದುತ್ತಿದ್ದರಂತೆ. ಐವತ್ತು ಸೀಟಿನ ಆ ಬಸ್ಸಿನಲ್ಲಿ ಒಂದು ಸುತ್ತು ಹೋಗಿ ಬಂದರೆ ಸರಿಯಾಗಿ ಎಂಟು ಬಾರ್ ಎಂದು ಅವರ ಲೆಕ್ಕ. ಬಾರ್ ಎಂದರೆ ತಾಳದ ಒಂದು ಸುತ್ತು.

ವಾರದ ಆರು ದಿನ ನಾನು ಶುಕ್ರವಾರಕ್ಕಾಗಿ ಕಾಯುತ್ತಿದ್ದೆ ಎಂದು ಒಪ್ಪಿಕೊಂಡರೆ ಈಗ ಯಾರಿಗೂ ನಷ್ಟವಿಲ್ಲ. ಬುಧವಾರದ ಹೊತ್ತಿಗೆ ಮಾತನಾಡಬೇಕಾದ ವಿಷಯಗಳನ್ನು ಕೂಡಿಹಾಕಲು ಶುರುಮಾಡುತ್ತಿದ್ದೆ. ಆ ಎರಡೂವರೆ ಗಂಟೆಯಲ್ಲಿ ಯಾರಾದರೂ ನನ್ನನ್ನು “ನೀವೆಂಥ ಹೇಳ್ತೀರಿ?” ಎಂದು ಕೇಳುತ್ತಿದ್ದರು. ಆಫೀಸಿನಲ್ಲಿ ನನ್ನನ್ನು ಕೇಳುವುದು ‘ಲೇಟೆಸ್ಟ್ ಯಾವುದು’ ಎಂದು ಮಾತ್ರ.

ಕರಾವಳಿಯವರ ಸಂಘದ ವಾರ್ಷಿಕೋತ್ಸವದಲ್ಲಿ ನಮಗೆ ಎಂಟು ನಿಮಿಷ ಸಿಕ್ಕಿತು. ಒಂದು ಶುಕ್ರವಾರ ಸಂಜೆ, ಶಾಲೆಯ ಹಾಲ್‌ನಲ್ಲಿ, ಮಕ್ಕಳ ಫ್ಯಾನ್ಸಿ ಡ್ರೆಸ್ ಮತ್ತು ಅದೃಷ್ಟ ಚೀಟಿಯ ನಡುವೆ. ಅದು ಗೊತ್ತಾದ ಹದಿನೈದು ದಿನಕ್ಕೆ ಸರ್ ಇನ್ನೊಂದು ವಿಷಯ ಹೇಳಿದರು, ಲಾಂಗ್‌ಬುಕ್ಕಿನಲ್ಲಿ ಏನೋ ಅಳಿಸುತ್ತ, ತಲೆ ಎತ್ತದೆ.

“ನಮ್ಮ ಬ್ರಾಂಚ್ ಮುಚ್ಚುತ್ತಾರೆ. ತಿಂಗಳ ಕೊನೆಗೆ ನನ್ನದು ಫೈನಲ್ ಎಕ್ಸಿಟ್.”

ಫೈನಲ್ ಎಕ್ಸಿಟ್ ಎಂದರೆ ವೀಸಾ ರದ್ದು, ಊರಿನ ವಿಮಾನ.  

“ಕಾರ್ಯಕ್ರಮ?” ಎಂದು ಕೇಳಿದವನು ನಾನು. ಹದಿನೇಳು ವರ್ಷ ಈ ದೇಶದಲ್ಲಿ ಕಳೆದ ಮನುಷ್ಯನಿಗೆ ಕೆಲಸ ಹೋಯಿತು ಎಂದಾಗ ನನ್ನ ಬಾಯಿಂದ ಹೊರಟ ಮಾತು ಅದು.

“ಅದು ಹದಿನೈದನೇ ತಾರೀಕಲ್ವಾ? ಆಗ್ತದೆ. ನುಡಿಸಿಯೇ ಹೋಗ್ತೇನೆ,” ಎಂದರು. “ಯಲ್ಲಾ, ಶುರುಮಾಡುವ, ಮೊದಲಿಂದ.”

ಆದರೆ ಟಿಕೆಟ್ ಮಾಡುವವರು ಬೇರೆ, ಹೋಗುವವರು ಬೇರೆ. ಕಾರ್ಯಕ್ರಮದ ವಾರ ಬುಧವಾರ ಮಧ್ಯಾಹ್ನ ಅವರಿಗೆ ಫೋನು ಬಂತು: ಟಿಕೆಟ್ ಗುರುವಾರ ಬೆಳಿಗ್ಗೆಯದು. ಕಾರ್ಯಕ್ರಮಕ್ಕೆ ಒಂದು ದಿನ ಮೊದಲು. ಬದಲಾಯಿಸಲು ಕೇಳಿ ಎಂದು ನಾನು ಹೇಳಿದೆ. “ಕೇಳಿದೆ. ಮಾಫಿ,” ಎಂದರು, ಅರಬಿಯಲ್ಲಿ ಇಲ್ಲ ಎಂದು. ಆಗುವುದಿಲ್ಲವಂತೆ. ಗುರುವಾರ ಬೆಳಿಗ್ಗೆ ಸಾವ್ಕಾರ್ರ ವ್ಯಾನಿನಲ್ಲಿ ನಾವು ಮೂವರೂ ವಿಮಾನ ನಿಲ್ದಾಣಕ್ಕೆ ಹೋದೆವು. ಇಳಿಯುವಾಗ ಅವರು ಲಾಂಗ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. ಡಾಕ್ಯುಮೆಂಟ್ ಕಂಟ್ರೋಲರ್ ನಾನೇ ತಾನೆ. ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. “ಸೀಟು ಕಿಟಕಿಯದಾ?” ಎಂದು ಕೇಳಿದೆ. ಅಲ್ಲ, ನಡುವಿನದು ಎಂದರು. ಆಮೇಲೆ ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು.

ಅದೇ ದಿನ ಮಧ್ಯಾಹ್ನ ಸಾವ್ಕಾರ್ರು ಗೋದಾಮಿಗೆ ಒಬ್ಬರನ್ನು ಕರೆದುಕೊಂಡು ಬಂದರು. ಗೋವಾದವರು, ಒಂದು ಹೋಟೆಲಿನಲ್ಲಿ ಪಿಯಾನೊ ನುಡಿಸುವ ಉದ್ಯೋಗ. ನಾನು ಅವರ ಮುಂದೆ ಲಾಂಗ್‌ಬುಕ್ ಬಿಚ್ಚಿಟ್ಟೆ. ಅವರು ಎರಡು ಪುಟ ತಿರುಗಿಸಿ, ನನ್ನ ಮುಖವನ್ನು ಒಮ್ಮೆ ನೋಡಿ, ಮರ್ಯಾದೆಯಿಂದ ಮುಚ್ಚಿದರು.

“ಇದೆಲ್ಲ ಬೇಡ. ಯಾವ ಸ್ಕೇಲ್ ಅಂತ ಹೇಳಿ ಸಾಕು,” ಎಂದು ನಮ್ಮದಕ್ಕಿಂತ ಬೇರೆ ರಾಗದ ಕೊಂಕಣಿಯಲ್ಲಿ ಹೇಳಿ ಶುರುಮಾಡಿದರು.

ಚೆನ್ನಾಗಿ ನುಡಿಸಿದರು. ಇದನ್ನು ನಾನು ಮುಚ್ಚಿಡಬಾರದು. ಅವರ ಕೈ ಹಾಡಿನೊಳಗೆ ಹೊಕ್ಕು, ನಾವು ಎಂಟು ತಿಂಗಳಲ್ಲಿ ಒಮ್ಮೆಯೂ ನೋಡದ ಕೋಣೆಗಳನ್ನು ಒಂದೊಂದಾಗಿ ತೆರೆಯುತ್ತ ಹೋಯಿತು. ಸಾವ್ಕಾರ್ರು ಕುಂಚ ಹಿಡಿದು ನಗುತ್ತಿದ್ದರು, ಥೇಟ್ ಹೊದಿಕೆಯ ಮೇಲಿನ ಡ್ರಮ್ಮಿನವನ ಹಾಗೆ. ಆಗ ಮಾಮ್, ಬಾಗಿಲ ಕಡೆ ಹೊರಟಿದ್ದವರು, ಅರ್ಧದಲ್ಲಿ ತಿರುಗಿದರು. ಪಿಯಾನೊದ ಒಂದು ಸಾಲಿಗೆ ಉತ್ತರ ಕೊಟ್ಟರು. ಲಾಂಗ್‌ಬುಕ್ಕಿನಲ್ಲಿ ಇಲ್ಲದ ಉತ್ತರ. ಎರಡು ಸಾಲು ಅಷ್ಟೇ. ಕೂಡಲೇ ಬಾಯಿಂದ ಸ್ಯಾಕ್ಸೊಫೋನ್ ತೆಗೆದು, ಪೂಜೆಯ ನಡುವೆ ಸೀನಿದವರ ಹಾಗೆ ನನ್ನ ಕಡೆ ನೋಡಿದರು.

ನಾನು ಗಿಟಾರ್ ನಿಲ್ಲಿಸಿದೆ.

“ಇದು ನಮ್ಮ ಹಾಡಲ್ಲ,” ಎಂದೆ.

“ಅಲ್ಲ ಮಾರಾಯ್ರೆ, ಅದೇ ಹಾಡಲ್ವಾ? ಲಾಯ್ಕ ಬರ್ತಾ ಉಂಟು,” ಎಂದರು ಸಾವ್ಕಾರ್ರು.

“ಸರ್ ಬರೆದದ್ದು ಹೀಗಲ್ಲ.”

“ಸರ್ ಈಗ ಮೋಡದ ಮೇಲೆ ಇದ್ದಾರೆ ಪೊರ್ಬು. ಅವರಿಗೆ ಕೇಳೂದಿಲ್ಲ.”

ಗೋವಾದವರಿಗೆ ಇಂಥ ಜಗಳಗಳ ಅಭ್ಯಾಸ ಇತ್ತೆಂದು ಕಾಣುತ್ತದೆ. ನೀವು ಮಾತಾಡಿಕೊಳ್ಳಿ, ಬೇಕಾದರೆ ಫೋನ್ ಮಾಡಿ ಎಂದು ಎದ್ದು ಹೋದರು. ಬಾಗಿಲು ಮುಚ್ಚಿದ ಮೇಲೆ ಸಾವ್ಕಾರ್ರು ನನ್ನ ಎದುರು ಒಂದು ಬಟ್ಟೆಯ ಸುರುಳಿಯ ಮೇಲೆ ಕುಳಿತರು.

“ನಿಮಗೆ ಎಂಥ ಆಯ್ತು?”

ನನಗೆ ಏನಾಗಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳುವಂಥದ್ದಾಗಿರಲಿಲ್ಲ. ಬೆಳಿಗ್ಗೆ ಎದ್ದು ಹೋದವರ ಸ್ಟೂಲಿನ ಮೇಲೆ ಮಧ್ಯಾಹ್ನ ಇನ್ನೊಬ್ಬರು ಕೂರಬಹುದು, ಮತ್ತು ಹಾಡು ಇನ್ನೂ ಚೆನ್ನಾಗಿ ಆಗಬಹುದು ಎಂದಾದರೆ, ಫೋಟೊದ ಅಂಚಿನಾಚೆ ಅರ್ಧ ಹೋಗಿರುವವನ ಗತಿ ಏನು? ನಾನಿಲ್ಲದ ಶುಕ್ರವಾರ ಅವರಿಗೆ ಬೇಸಿನವನು ಸಿಗಲು ಎಷ್ಟು ಹೊತ್ತು? ಇದನ್ನು ಒಳಗಿಟ್ಟುಕೊಂಡು ನಾನು ಬಾಯಲ್ಲಿ ಹೇಳಿದ್ದು ಮಾತ್ರ ಬಹಳ ಘನವಾದ ಮಾತು.

“ಎಂಟು ತಿಂಗಳು ಅವರು ಅಲ್ಲಿ ಕೂತಿದ್ದಾರೆ. ಒಂದು ದಿನವಾದರೂ ಅವರ ಜಾಗ ಖಾಲಿ ಇರಲಿ.”

“ಖಾಲಿ ಅಂದ್ರೆ? ಪಿಯಾನೊದ ಅರವತ್ತನಾಲ್ಕು ಬಾರ್ ಉಂಟು. ಅಷ್ಟೊತ್ತು ನಾವು ಎಂಥ ಮಾಡುವುದು?”

“ಬರೆದದ್ದನ್ನು ನುಡಿಸುವುದು. ಬೇಸು, ಡ್ರಮ್ಸು ಅಲ್ಲಿಯೂ ಉಂಟಲ್ಲ.”

“ಮೇಲೆ ಯಾರೂ ಇಲ್ಲದೆ?”

“ಮೇಲೆ ಯಾರೂ ಇಲ್ಲದೆ.”

ಸಾವ್ಕಾರ್ರು ಮಾಮ್ ಕಡೆ ನೋಡಿದರು. ಮಾಮ್ ಸ್ಯಾಕ್ಸೊಫೋನಿನ ಉಗುಳನ್ನು ಒರೆಸುತ್ತಿದ್ದರು. ಒಂದು ಸಲ ಗೋವಾದವರು ಹೋದ ಬಾಗಿಲನ್ನು ನೋಡಿದರು. ಆಮೇಲೆ, “ಇವನು ಹೇಳಿದ ಹಾಗೇ ಮಾಡುವ. ಸಾವಿನ ಬ್ಯಾಂಡಿನಲ್ಲಿಯೂ ಒಬ್ಬ ಕಮ್ಮಿ ಇದ್ರೆ ಸಾಲು ಹಾಗೆಯೇ ಬಿಡ್ತೇವೆ,” ಎಂದರು. ಅವರಿಗೆ ಆ ಮಧ್ಯಾಹ್ನ ಇನ್ನೂ ಎರಡು ಸಾಲು ನುಡಿಸಬೇಕಿತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಥ್ಯಾಂಕ್ಸ್ ಹೇಳಿದೆ.

ಶುಕ್ರವಾರ ಸಂಜೆ ಹಾಲ್ ತುಂಬಿತ್ತು. ಫ್ಯಾನ್ಸಿ ಡ್ರೆಸ್ಸಿನ ಒಂದು ಟೊಮೆಟೊ ಮತ್ತು ಇಬ್ಬರು ಯಕ್ಷಗಾನದ ವೇಷದವರು ವೇದಿಕೆಯ ಮುಂದೆ ಓಡುತ್ತಿದ್ದರು. ನಿರೂಪಕರು ನಮ್ಮನ್ನು ‘ಮೂವರ ಕ್ವಾರ್ಟೆಟ್’ ಎಂದು ಪರಿಚಯಿಸಿದರು. ಕ್ವಾರ್ಟೆಟ್ ಎಂದರೆ ನಾಲ್ವರ ತಂಡ; ಅವರು ಅದನ್ನು ತಮಾಷೆಯಾಗಿ ಹೇಳಿದ್ದಲ್ಲ. ಕೀಬೋರ್ಡನ್ನು ಎಡಕ್ಕೆ ಇಟ್ಟಿದ್ದೆವು, ಸ್ವಿಚ್ ಹಾಕಿ, ಮೇಲೆ ಲಾಂಗ್‌ಬುಕ್ ತೆರೆದು. ನನ್ನ ಎಂಟು ಬಾರ್ ನಾನು ಒಬ್ಬನೇ ನಡೆದೆ. ಉಳಿದಿಬ್ಬರು ಬಂದು ಸೇರಿದರು. ಮಾಮ್ ಹಾಡು ಹೇಳಿದರು, ತಮ್ಮ ಕತೆ ಹೇಳಿದರು, ಕೀಂಯ್ ಎಂದು ಜಾರಬೇಕಾದಲ್ಲಿ ಸರಿಯಾಗಿ ಜಾರಿದರು. ಮುಗಿಸುತ್ತ ಮುಗಿಸುತ್ತ, ಕಾಲು ಎಳೆದಂತೆ, ವೇದಿಕೆಯ ಬದಿಗೆ ನಡೆದು ಪರದೆಯ ಹಿಂದೆ ಮಾಯವಾದರು. ಪಿಯಾನೊದ ಜಾಗ ಶುರುವಾಯಿತು.

ಅರವತ್ತನಾಲ್ಕು ಬಾರ್ ಎಂದರೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಬೇಸ್ ಗಿಟಾರ್ ಕೆಳಗಿನ ವಾದ್ಯ. ಅದರ ಮೇಲೆ ಯಾರಾದರೂ ಇದ್ದಾರೆ ಎಂಬ ನಂಬಿಕೆಯ ಮೇಲೆ ಅದು ನಡೆಯುತ್ತದೆ. ಹತ್ತನೆಯ ಬಾರ್‌ಗೆ ಸಭೆಯಲ್ಲಿ ಗುಸುಗುಸು ಎದ್ದಿತು. ಹದಿನೈದಕ್ಕೆ ಹಿಂದಿನಿಂದ ಒಬ್ಬರು, “ಕೀಬೋರ್ಡಿಗೆ ಸೌಂಡ್ ಇಲ್ಲ, ಸೌಂಡ್ ಕೊಡಿ!” ಎಂದು ಕೂಗಿದರು. ಮೈಕಿನ ಕೆಲಸದ ಮಲಯಾಳಿ ವೇದಿಕೆಗೆ ಹತ್ತಿ, ಬಾಗಿಕೊಂಡು ಬಂದು, ಕೀಬೋರ್ಡಿನ ಕೇಬಲ್ ಕಿತ್ತು ಮತ್ತೆ ಚುಚ್ಚಿದ. ಇನ್ನೊಂದು ಕೇಬಲ್ ತಂದ. ಸ್ಪೀಕರಿನಿಂದ ಗುಯ್ ಎಂದು ಒಂದು ಸದ್ದು ಬಂತು, ಸಭೆ ಸಮಾಧಾನದಿಂದ ಉಸಿರು ಬಿಟ್ಟಿತು. ಮತ್ತೆ ಏನೂ ಬರಲಿಲ್ಲ. ನಾನು ಎಣಿಸುತ್ತಿದ್ದೆ. ಸಾವ್ಕಾರ್ರು ನನ್ನ ಮುಖ ಬಿಟ್ಟು ಬೇರೆಲ್ಲೂ ನೋಡದೆ ಕುಂಚ ಸವರುತ್ತಿದ್ದರು. ಆ ಹುಡುಕಾಟ ಮುಗಿಸಿದ ಮಲಯಾಳಿ ಮಂಡಿಯೂರಿದ್ದಲ್ಲಿಂದಲೇ ತಲೆ ಎತ್ತಿ, ಸ್ಟೂಲನ್ನು ಆಗ ಮೊದಲ ಸಲ ನೋಡಿದ.

“ಚೇಟ್ಟಾ,” ಎಂದು ಮೆಲ್ಲಗೆ ಕೇಳಿದ, “ಆಳೆವಿಡೆ?” ಅಣ್ಣಾ, ಆಳು ಎಲ್ಲಿ?

ನಾನು ಇಲ್ಲ ಎಂದು ತಲೆಯಾಡಿಸಿದೆ. ಅಲ್ಲಿ ಒಂದು ಕ್ಷಣ ಬೆರಳು ತಡವರಿಸಿತು. ಅವನು ಎರಡೂ ಕೇಬಲನ್ನು ಹೆಗಲಿಗೆ ಹಾಕಿಕೊಂಡು, ಯಾರೋ ತೀರಿಕೊಂಡ ಮನೆಯಿಂದ ಹೊರಡುವವನ ಹಾಗೆ, ಬಾಗಿಕೊಂಡೇ ಇಳಿದು ಹೋದ.

ಐವತ್ತು ದಾಟಿತು. ಮಾಮ್ ಪರದೆಯ ಹಿಂದಿನಿಂದ ಬಂದಿರಲಿಲ್ಲ. ಅವರು ನಡೆಯುತ್ತ ಹೊರಗಿನ ಕಾರ್ ಪಾರ್ಕಿನ ತನಕ ಹೋಗಿಬಿಟ್ಟಿರಬಹುದು ಎಂದು ನನಗೆ ಅನ್ನಿಸಿತು. ಗೋವಾದವರ ನಂಬರು ಅವರ ಜೇಬಿನಲ್ಲಿರಬಹುದು ಎಂದೂ ಅನ್ನಿಸಿತು. ಅರವತ್ತು. ಬರದಿದ್ದರೆ ನಾನು ಮತ್ತೆ ಮೊದಲಿನಿಂದ ನಡೆಯಬೇಕು, ಬೇರೆ ಏನೂ ನನಗೆ ಬರುವುದಿಲ್ಲ. ಅರವತ್ತಮೂರಕ್ಕೆ ಪರದೆ ಅಲುಗಿತು. ಅರವತ್ತೈದರ ಮೊದಲ ಪೆಟ್ಟಿಗೆ ಮಾಮ್ ಊದುತ್ತಲೇ ಒಳಗೆ ಬಂದರು.

ಜೋರು ಚಪ್ಪಾಳೆ ಬಿತ್ತು. ರಿಪೇರಿ ಆಯಿತು ಎಂದು ಸಭೆ ತಿಳಿದುಕೊಂಡಿತ್ತು. ಇಳಿದು ಬಂದಾಗ ಸಂಘದ ಹಿರಿಯರೊಬ್ಬರು ನನ್ನ ಕೈ ಕುಲುಕಿ, “ಲೈನ್ ಹೋದ್ರೂ ನೀವು ಬಿಡ್ಲಿಲ್ಲ ನೋಡಿ, ಅದು ಅನುಭವ,” ಎಂದರು. ಸಾವ್ಕಾರ್ರಿಗೆ ಅದೃಷ್ಟ ಚೀಟಿಯಲ್ಲಿ ಒಂದು ಮೈಕ್ರೋವೇವ್ ಬಂತು.

ಸಾವ್ಕಾರ್ರ ಮಗಳು ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ನಾನು ಅದನ್ನು ಅಂದೇ ಸರ್‌ಗೆ ವಾಟ್ಸಾಪ್ ಮಾಡಿದೆ, ಒಂದು ಮಾತೂ ಬರೆಯದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಪಕ್ಕದವನ ಸೀನು ಮುಗಿದ ಹೊತ್ತಿಗೆ, ಸಂದೇಶ ಬಂತು.

“ಕೇಳಿದೆ. ನನ್ನ ಭಾಗದಲ್ಲಿ ನಲವತ್ತೊಂದನೇ ಬಾರ್‌ನಲ್ಲಿ ನೀವು ಹಿಂದೆ ಬಿದ್ದಿರಿ. ನಾನು ಕಾಯಬೇಕಾಯ್ತು.”

‘ಸಾರಿ ಸರ್’ ಎಂದು ಬರೆದು ಕಳಿಸಿದೆ.

ಮುಂದಿನ ಶುಕ್ರವಾರ ನಾನು ಗಿಟಾರ್ ಹಿಡಿದು ಗೋದಾಮಿಗೆ ಹೋದೆ. ರಂಜಾನ್ ಹತ್ತಿರ ಬಂದಿತ್ತು, ಪರದೆಯ ಆರ್ಡರುಗಳು ಬಂದು ಬೀಳುತ್ತಿದ್ದವು. ಇಬ್ಬರು ಟೈಲರುಗಳನ್ನು ಒಳಗೆ ಕೂರಿಸಿದ್ದರು. ಡ್ರಮ್ ಸೆಟ್ಟಿನ ಮೇಲೆ ಬಟ್ಟೆ ಹೊದಿಸಿತ್ತು. “ಹಬ್ಬ ಕಳೀಲಿ ಪೊರ್ಬು,” ಎಂದರು ಸಾವ್ಕಾರ್ರು, ಚಹಾ ತರಿಸಿದರು. ಮಾಮ್ ಬರಲಿಲ್ಲ. ಅವರು ಈ ಗುರುವಾರದಿಂದ ಗೋವಾದವರ ಫ್ಲಾಟಿಗೆ ಹೋಗುತ್ತಿದ್ದಾರೆಂದು, ಅಲ್ಲಿ ಕುಳಿತು ನುಡಿಸಲು ಕಲಿಯುತ್ತಿದ್ದಾರೆಂದು, ಸಾವ್ಕಾರ್ರು ಸಕ್ಕರೆ ಕಲಕುತ್ತ ಹೇಳಿದರು. ಅಲ್ಲಿ ಬೇಸ್ ನುಡಿಸಲು ಒಬ್ಬ ಫಿಲಿಪೀನ್ಸ್‌ನವನು ಇದ್ದಾನಂತೆ.

ಲಾಂಗ್‌ಬುಕ್ಕಿಗೆ ನಾನು ನಂಬರು ಕೊಟ್ಟು ಕಪಾಟಿನಲ್ಲಿ ಇಟ್ಟಿದ್ದೇನೆ. ಕೆಂಪು ಸೀಲು ಒತ್ತಿಲ್ಲ. ಹಬ್ಬ ಕಳೆದು ನಾಲ್ಕು ತಿಂಗಳಾಯಿತು. ಆ ಆಲ್ಬಮ್ಮಿನ ಆರು ಹಾಡುಗಳಲ್ಲಿ ನಾವು ಒಂದನ್ನು, ಒಂದು ಸಲ, ಮೂವರು ನುಡಿಸಿದೆವು.